ಶಾಟೋ ಗಯಾರ್ ಕೋಟೆಯ ಇಳಿಜಾರು

ಕೇಳುಗರಿಗೆ ನಮಸ್ಕಾರ.

ಫ್ರಾನ್ಸಿನ ನಾರ್ಮಂಡಿಯಲ್ಲಿ ಸೇನ್ ನದಿ ಬಳಸಿ ಹರಿಯುವಲ್ಲಿ, ಬಿಳಿ ಸುಣ್ಣಕಲ್ಲಿನ ಗುಡ್ಡದ ನೆತ್ತಿಯ ಮೇಲೆ ಶಾಟೋ ಗಯಾರ್ ಎಂಬ ಪಾಳುಕೋಟೆ ಇದೆ. ಇಂಗ್ಲೆಂಡಿನ ದೊರೆ, ಸಿಂಹಹೃದಯಿ ರಿಚರ್ಡ್ ಇದನ್ನು 1196ರಿಂದ 1198ರ ನಡುವೆ ಕಟ್ಟಿಸಿದ. ಆಗ ನಾರ್ಮಂಡಿ ಅವನದು. ಫ್ರಾನ್ಸಿನ ದೊರೆ ಎರಡನೆಯ ಫಿಲಿಪ್ ನದಿಗುಂಟ ರುವಾನ್ ನಗರಕ್ಕೆ ನುಗ್ಗದಂತೆ ತಡೆಯಲೆಂದೇ ಈ ಕೋಟೆ ಎದ್ದಿತು.

ಊರಿನಿಂದ ಹತ್ತುವ ದಾರಿ ಕಡಿದು. ಮೇಲೆ ತಲುಪಿದವರ ಕಣ್ಣು ಮೊದಲು ಹೋಗುವುದು ಒಳಸುತ್ತಿನ ಗೋಡೆಯ ಕಡೆಗೆ. ಅದು ನೇರವಾಗಿಲ್ಲ; ಅರ್ಧವೃತ್ತಾಕಾರದ ಉಬ್ಬುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಶತ್ರು ಎಸೆದ ಕಲ್ಲುಗುಂಡು ನೆಟ್ಟಗೆ ಬಡಿಯದೆ ಜಾರಿಹೋಗಲಿ ಎಂಬ ಎಣಿಕೆ. ಎಂಟು ಶತಮಾನಗಳ ಹಿಂದಿನ ಆ ಕಸುಬುದಾರಿಕೆಗೆ ಕೈಮುಗಿಯಬೇಕು. ಆದರೂ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಗೋಡೆಯಲ್ಲ, ಅದರ ಹೊರಗಿನ ಇಳಿಜಾರು.

ರಿಚರ್ಡ್ 1199ರಲ್ಲಿ ತೀರಿಕೊಂಡ. ಅವನ ತಮ್ಮ ಜಾನ್ ಪಟ್ಟದಲ್ಲಿದ್ದಾಗ, 1203ರಲ್ಲಿ, ಫಿಲಿಪ್ ಮುತ್ತಿಗೆ ಹಾಕಿದ. ಕೆಳಗಿನ ಊರಿನವರು ಜೀವ ಉಳಿಸಿಕೊಳ್ಳಲು ಕೋಟೆಯೊಳಗೆ ಓಡಿಬಂದರು. ದಾಸ್ತಾನು ಕರಗತೊಡಗಿದಾಗ ಕೋಟೆಯ ಅಧಿಪತಿ ರೋಜರ್ ಡಿ ಲೇಸಿ, ಕಾದಾಡಲಾಗದವರನ್ನೆಲ್ಲ ತಂಡತಂಡವಾಗಿ ಹೊರಗೆ ಕಳಿಸಿದ. ಮೊದಲ ತಂಡಗಳಿಗೆ ಫ್ರೆಂಚ್ ಸೈನಿಕರು ದಾರಿ ಬಿಟ್ಟರು. ಸುದ್ದಿ ತಿಳಿದ ಫಿಲಿಪ್ ಇನ್ನು ಬಿಡಕೂಡದೆಂದ. ಕೊನೆಯ ತಂಡ ಹಿಂದಿರುಗಿ ಬಂದರೆ ಕೋಟೆಯ ಬಾಗಿಲು ತೆರೆಯಲಿಲ್ಲ. ನೂರಾರು ಮಂದಿ ಎರಡು ಸೈನ್ಯಗಳ ನಡುವಿನ ಈ ಇಳಿಜಾರಿನಲ್ಲಿ ಚಳಿಗಾಲ ಕಳೆದರು, ಹಸಿವಿನಿಂದ ಸತ್ತರು. ಫಿಲಿಪ್ ಕೊನೆಗೆ ಮನಕರಗಿ ಆಹಾರ ಕೊಡಿಸುವ ಹೊತ್ತಿಗೆ ಬದುಕುಳಿದವರು ಕಡಿಮೆ. ಇದನ್ನು ಬರೆದಿಟ್ಟವನು ಫಿಲಿಪ್‌ನ ಆಸ್ಥಾನದ ಪಾದ್ರಿ ಗಿಯೋಮ್.

ಇಷ್ಟು ಜೀವ ತೆತ್ತರೂ ಕೋಟೆ ಉಳಿಯಲಿಲ್ಲ. ಫ್ರೆಂಚ್ ಸೈನಿಕರು ಹೊರಸುತ್ತಿನ ಬುರುಜಿನ ಬುಡವನ್ನು ತೋಡಿ ಕೆಡವಿದರು. ನಡುಸುತ್ತಿಗೆ ಕಾವಲಿಲ್ಲದ ಒಂದು ಕಿಂಡಿಯಿಂದ ನುಸುಳಿದರು. ಅದು ಶೌಚದ ಕಿಂಡಿ ಎನ್ನುವವರೂ ಇದ್ದಾರೆ, ಪ್ರಾರ್ಥನಾಮಂದಿರದ ಕಿಟಕಿ ಎನ್ನುವವರೂ ಇದ್ದಾರೆ. 1204ರ ಮಾರ್ಚ್ 6ರಂದು ಎಲ್ಲ ಮುಗಿಯಿತು. ಅದೇ ಜೂನಿನಲ್ಲಿ ರುವಾನ್ ಕೂಡ ಶರಣಾಯಿತು. ಕೋಟೆಯನ್ನು ಕೆಡವಲು 1599ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿ ಅಪ್ಪಣೆ ಕೊಟ್ಟ. ಕಲ್ಲುಗಳು ಸನ್ಯಾಸಿಗಳ ಮಠದ ಗೋಡೆ ಸೇರಿದವು.

ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋದರೆ, ಒಳಗೆ ಕಾಲಿಡುವ ಮುನ್ನ ಕಂದಕದ ಅಂಚಿಗೆ ಬಂದು, ಬಾಗಿಲು ಮುಚ್ಚಿಸಿಕೊಂಡವರು ನಿಂತಿದ್ದ ಕಡೆಯಿಂದ ಒಮ್ಮೆ ಗೋಡೆಯನ್ನು ನೋಡಿ. ಬುರುಜಿಗೆ ಆಮೇಲೆ ಹೋಗಬಹುದು.