ಗುಲಾಬಿ ತೊಲೆ ಹೊರಗೆ ನಡೆಯುವುದಿಲ್ಲ

ಮರ ಬಂತು, ನೋಡಿ. ಹ್ಯಾಮಿಲ್ಟನ್‌ನ ನಮ್ಮ ಹಿತ್ತಲಿನಲ್ಲಿ ಡೆಕ್ ಕಟ್ಟಲು ತರಿಸಿದ್ದೆಲ್ಲ ರೇಡಿಯೇಟಾ ಪೈನ್. ನ್ಯೂಜಿಲೆಂಡಿನ ನೆಡುತೋಪುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇದೇ ಮರ. ತವರು ಕ್ಯಾಲಿಫೋರ್ನಿಯಾದ ಕರಾವಳಿ. ಇಲ್ಲಿ 25–30 ವರ್ಷಕ್ಕೆಲ್ಲ ಕಡಿಯಲು ಸಿದ್ಧ.

ಕಂಬ ನಿಲ್ಲಿಸುವುದನ್ನು ನೀವೇ ನೋಡುತ್ತಿದ್ದೀರಿ, ನಾನು ತೊಲೆಗಳ ಕಥೆ ಹೇಳುತ್ತೇನೆ. ಕೇಳಿದ್ದು ಎಚ್3.2 ದರ್ಜೆ, ಅಂದರೆ ಹೊರಗೆ ಮಳೆಯಲ್ಲೂ ಕೊಳೆಯದಂತೆ ಔಷಧ ಉಣಿಸಿದ ಮರ. ಕಟ್ಟು ಬಿಚ್ಚಿದರೆ ನಡುವೆ ಗುಲಾಬಿ ಬಣ್ಣದವು! ಗುಲಾಬಿ ಎಂದರೆ ಎಚ್1.2, ಬೋರಾನ್ ಉಣಿಸಿದ ಮರ, ಗೋಡೆಯೊಳಗೆ ಒಣಗಿರಬೇಕಾದದ್ದು. ಮಳೆಗೆ ಸಿಕ್ಕಿದರೆ ಬೋರಾನ್ ತೊಳೆದುಹೋಗುತ್ತದೆ. ಅಂಗಡಿಗೆ ಫೋನ್ ಮಾಡಿದರೆ, ‘ಎರಡಕ್ಕೂ ಔಷಧ ಹಾಕಿದೆ, ಬಣ್ಣ ಬಳಿದರೆ ನಡೆಯುತ್ತದೆ’ ಎಂಬ ಉತ್ತರ. ನಡೆಯುವುದಿಲ್ಲ. 1990ರ ದಶಕದಲ್ಲಿ ಈ ದೇಶದಲ್ಲಿ, ಬಿಸಿಗಾಳಿಯಲ್ಲಿ ಒಣಗಿಸಿದ ಮರಕ್ಕೆ ಔಷಧ ಬೇಕಿಲ್ಲವೆಂದು ನಿಯಮ ಸಡಿಲಿಸಿದರು. ಸೂರು ಚಾಚದ, ಗಿಲಾವಿನ ಗೋಡೆಯ ಮನೆಗಳೊಳಕ್ಕೆ ನೀರಿಳಿದು ಚೌಕಟ್ಟುಗಳೇ ಕೊಳೆತವು. ಸಾವಿರಾರು ಸಂಸಾರಗಳು ಕಷ್ಟಪಟ್ಟು ಕೂಡಿಟ್ಟ ಹಣವನ್ನು ರಿಪೇರಿಗೆ ಸುರಿದವು. 2004ರಲ್ಲಿ ಔಷಧ ಮತ್ತೆ ಕಡ್ಡಾಯವಾಯಿತು. ಇಷ್ಟೆಲ್ಲ ಆದ ನಾಡಿನಲ್ಲಿ ಮರ ಮಾರುವವರೇ ಹೀಗೆ ಹೇಳಿದರೆ ಸಿಟ್ಟು ಬಾರದೇ? ತೊಲೆಯ ತುದಿಗೆ ಹೊಡೆದ ಈ ಚೀಟಿಯನ್ನು ಓದದೆ ಒಂದನ್ನೂ ಇಳಿಸಿಕೊಳ್ಳಬೇಡಿ.

ಸಾಗರದ ನಮ್ಮ ಅಜ್ಜನ ಮನೆಯಲ್ಲಿ ಹಲಸು, ಹೊನ್ನೆ ಬಿಟ್ಟರೆ ಬೇರೆ ಮರಕ್ಕೆ ಮರ್ಯಾದೆ ಇರಲಿಲ್ಲ. ಚೇಗು, ಅಂದರೆ ನಡುವಿನ ಗಟ್ಟಿ ತಿರುಳು, ಇಲ್ಲದ ಮರ ಮರವೇ ಅಲ್ಲ ಎನ್ನುತ್ತಿದ್ದರು ಅಜ್ಜ. ರೇಡಿಯೇಟಾದಲ್ಲಿ ಹೆಚ್ಚುಪಾಲು ಹೊರಗಿನ ಬಿಳಿಮರವೇ, ಆದರೆ ಅದರ ಉಪಕಾರವೂ ಅಲ್ಲೇ ಇದೆ: ಬಿಳಿಮರ ಔಷಧವನ್ನು ಆಳದವರೆಗೆ ಹೀರುತ್ತದೆ, ಚೇಗು ಅಷ್ಟು ಸುಲಭಕ್ಕೆ ಹೀರುವುದಿಲ್ಲ. ಮೊಳೆಯೂ ಸಲೀಸಾಗಿ ಇಳಿಯುತ್ತದೆ. ಒಳಾಂಗಣದ ಸಾಮಾನಿಗೆ ಮಾತ್ರ ಇದು ಬೇಡ, ಉಗುರು ಒತ್ತಿದರೂ ಗುರುತು ಬೀಳುತ್ತದೆ. ಇಲ್ಲ, ಹಾಗೆನ್ನುವುದು ಅನ್ಯಾಯ. ಊಟದ ಮೇಜಿಗೆ ಬೇಡ, ಪುಸ್ತಕದ ಕಪಾಟಿಗೆ ಬಹಳ ಚೆನ್ನ. ಎಳೆಯದಿದ್ದಾಗಲೇ ಕೊಂಬೆ ಸವರಿ ಬೆಳೆಸಿದ ಮರದ ಗಂಟಿಲ್ಲದ ಹಲಗೆ ಸಿಕ್ಕರೆ ಬಾಗಿಲಿನ ಪಟ್ಟಿಗೂ ಆದೀತು.

ಅಯ್ಯೋ, ಕೊಯ್ಯುವುದು ಮುಗಿದೇ ಹೋಯಿತು. ಬೇಗ ಹೇಳಿಬಿಡುತ್ತೇನೆ: ಕೊಯ್ದ ತುದಿಗೆ ಔಷಧ ಬಳಿಯಿರಿ, ಸತುವಿನ ಲೇಪದ ಸ್ಕ್ರೂಗಳನ್ನೇ ಹಾಕಿ. ಹಸಿರು ಛಾಯೆಯ ಈ ತುಂಡುಗಳನ್ನು ಒಲೆಗೆ ಹಾಕಲೇಬೇಡಿ. ಒಳಗೆ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಇದೆ. ಗುಲಾಬಿ ತೊಲೆಗಳನ್ನು ನಾಳೆ ಒಯ್ಯುತ್ತಾರಂತೆ. ಬದಲಿ ಬಂದ ಮೇಲೆ ಮೆಟ್ಟಿಲು.