ಮೆಜೆಸ್ಟಿಕ್‌ನಿಂದ ಜಕ್ಕೂರಿಗೆ: ಬೆಂಗಳೂರಿನ ಕೆರೆಗಳ ಜಾಡು ಹಿಡಿದು

ನಮಸ್ಕಾರ ಎಲ್ಲರಿಗೂ. ಹಿಂದೆ ಬಸ್ಸಿನ ಹಾರ್ನ್ ಜಾಸ್ತಿ ಕೇಳಿಸುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ. ನಾನು ಈಗ ನಿಂತಿರುವುದು ಕೆರೆ ಅಂಗಳದಲ್ಲಿ. ಹೌದು, ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲೇ. ಇದು ಧರ್ಮಾಂಬುಧಿ ಕೆರೆಯಾಗಿತ್ತು. ಪೇಟೆ ಜನ ಇದರ ನೀರನ್ನೇ ಕುಡಿಯುತ್ತಿದ್ದರು. ಈಗ ಇಲ್ಲಿ ನೀರು ಅಂದರೆ ಬಾಟಲಿ ನೀರು ಮಾತ್ರ.

ಬೆಂಗಳೂರಿಗೆ ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದಿಣ್ಣೆ ಮೇಲೆ. ಬಿದ್ದ ಮಳೆ ಹರಿದು ಹೋಗಿಬಿಡುತ್ತದೆ. ಅದಕ್ಕೇ ಹಳಬರು ತಗ್ಗಿನಲ್ಲೆಲ್ಲ ಏರಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುವುದಕ್ಕೇ ನೀರಗಂಟಿ ಇರುತ್ತಿದ್ದ. 1894ರಲ್ಲಿ ಹೆಸರಘಟ್ಟದ ನೀರಿನ ಯೋಜನೆ ಬಂತು, 1974ರಲ್ಲಿ ಕಾವೇರಿ ಬಂತು. ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಸಿಗುವಾಗ ಕೆರೆ ಕಡೆ ಯಾರು ನೋಡುತ್ತಾರೆ? ನನ್ನ ಪ್ರಕಾರ ಕೆರೆಗಳು ಸತ್ತಿದ್ದು ಮಣ್ಣು ತುಂಬಿದ ದಿನ ಅಲ್ಲ, ಅವುಗಳ ಮೇಲೆ ಯಾರಿಗೂ ಹಕ್ಕೂ ಇಲ್ಲ, ಕೆಲಸವೂ ಇಲ್ಲ ಅಂತಾದ ದಿನ.

ಸರಿ, ಬಸ್ ಬಂತು, ಹೊರಡೋಣ.

ಇದು ಕಂಠೀರವ ಸ್ಟೇಡಿಯಂ. ಇದು ಸಂಪಂಗಿ ಕೆರೆ ಜಾಗ. ಇದರ ನೀರಿನಲ್ಲಿ ತಿಗಳರು ತರಕಾರಿ, ಹೂವು ಬೆಳೆಯುತ್ತಿದ್ದರು. ಅದೇ ತಿಗಳರ ಹಬ್ಬ ಕರಗ. ಕೆರೆ ಹೋದರೂ ಒಂದು ಚಿಕ್ಕ ಕೊಳ ಇನ್ನೂ ಉಳಿದಿದೆ. ಚೈತ್ರದಲ್ಲಿ ಕರಗದ ಪೂಜೆಗೆ ಈಗಲೂ ಇಲ್ಲಿಗೇ ಬರುತ್ತಾರೆ. ದಾಖಲೆಯಲ್ಲಿ ಇದು ಏನಾದರೂ ಆಗಿರಲಿ, ಅವರ ಪಾಲಿಗೆ ಇದು ಇವತ್ತಿಗೂ ಕೆರೆಯೇ. ಇದನ್ನು ನೋಡಿ ನನಗೆ ತುಂಬ ಖುಷಿಯಾಯಿತು.

ಈಗ ನೋಡುತ್ತಿರುವ ಕ್ಲಿಪ್‌ನಲ್ಲಿ ಬರೀ ತಂತಿ ಬೇಲಿ ಇದೆ. ಯಾಕೆ ಅಂದರೆ ನನಗೆ ಸಿಕ್ಕಿದ್ದು ಅಷ್ಟೇ. ಕೆರೆಯ ಹೆಸರು ಬೇಡ. ಗೇಟಿಗೆ ಬೀಗ. ಬೆಳಿಗ್ಗೆ ವಾಕಿಂಗ್ ಮುಗಿಯುತ್ತಿದ್ದ ಹಾಗೆ ಮುಚ್ಚಿದರೆ ಮತ್ತೆ ತೆಗೆಯುವುದು ಸಾಯಂಕಾಲವಂತೆ. ಕಾವಲುಗಾರ ಪಾಪ ಒಳ್ಳೆಯ ಮನುಷ್ಯ, "ಸಾರ್, ನಾಲ್ಕು ಗಂಟೆಗೆ ಬನ್ನಿ" ಅಂದ. ನಾನೇನೋ ನಾಲ್ಕಕ್ಕೆ ಬರಬಹುದು. ಹಸು ಮೇಯಿಸುವವರು? ಬಟ್ಟೆ ಒಗೆಯುವವರು? ಹುಲ್ಲು ಕೊಯ್ಯುವವರು? ಅವರ ಕೆಲಸ ಇರುವುದೇ ಬಿಸಿಲು ಏರಿದ ಮೇಲೆ, ಅಲ್ವಾ? ಬೇಲಿಯ ಆ ತುದಿಯಲ್ಲಿ ನೋಡಿ, ತಂತಿ ಬಗ್ಗಿಸಿ ಒಂದು ಕಿಂಡಿ ಮಾಡಿದ್ದಾರೆ. ಒಬ್ಬ ಅಜ್ಜಿ ಹುಲ್ಲಿನ ಹೊರೆಯನ್ನು ಮೊದಲು ಆಚೆ ತಳ್ಳಿ, ಆಮೇಲೆ ತಾವು ನುಸುಳಿ ಬಂದರು. ಈ ಊರಿನ ಕೆರೆಗೇ ಕಳ್ಳರ ಹಾಗೆ ಹೋಗಿ ಬರಬೇಕಾ? ನನಗೆ ಸಿಟ್ಟೇ ಬಂತು. ಬೇಲಿ ಕಿತ್ತು ಹಾಕಿ ಅಂತ ಕ್ಯಾಮೆರಾ ಮುಂದೆ ಜೋರಾಗಿ ಹೇಳಿದ್ದೆ.

ಆಮೇಲೆ ಬೇಲಿ ಪಕ್ಕದಲ್ಲೇ ನಡೆದೆ. ಬೇಲಿ ಮುಗಿದ ಜಾಗದಲ್ಲಿ ಕಟ್ಟಡ ಒಡೆದ ಮಣ್ಣು, ಟೈಲ್ಸ್ ಚೂರು, ಥರ್ಮೋಕೋಲ್, ಎಲ್ಲ ಲೋಡುಗಟ್ಟಲೆ ಸುರಿದಿದ್ದಾರೆ. ಸರಿ, ಬೇಲಿ ಇರಲಿ. ಆದರೆ ಗೇಟು ದಿನವಿಡೀ ತೆರೆದಿರಲಿ. ಕೆರೆ ಹತ್ತಿರ ಜನ ಓಡಾಡುತ್ತಿದ್ದರೆ ಕಸ ಸುರಿಯುವವರಿಗೇ ಭಯ ಇರುತ್ತದೆ.

ಬೆಳ್ಳಂದೂರು ಕೆರೆಗೆ ಇವತ್ತು ಹೋಗುತ್ತಿಲ್ಲ. ಆ ನೊರೆ ಎಲ್ಲರೂ ನೋಡಿದ್ದೀರಿ. ಸೋಪಿನ ಪುಡಿಯ ಫಾಸ್ಫೇಟು, ಕೊಳಚೆ, ಎಲ್ಲ ಸೇರಿ ಎದ್ದ ನೊರೆ ಅದು. ಕೆರೆಗೇ ಬೆಂಕಿ ಕೂಡ ಹತ್ತಿಕೊಂಡಿತು, 2015ರಲ್ಲಿ, ಮತ್ತೆ 2018ರಲ್ಲಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಅದೇ ಕಡೆ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಬೇಕಾಯಿತು. ರಾಜಕಾಲುವೆ ಮೇಲೆ ಕಟ್ಟಡ ಕಟ್ಟಿದರೆ ನೀರು ಎಲ್ಲಿ ಹೋಗಬೇಕು ಹೇಳಿ?

ಅಬ್ಬಾ, ಜಕ್ಕೂರು! ಕ್ಯಾಮೆರಾ ಸ್ವಲ್ಪ ಬಲಕ್ಕೆ ತಿರುಗಿಸುತ್ತೇನೆ. ಅದೋ, ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು. ಕಲ್ಲಿನ ಮೇಲೆ ರೆಕ್ಕೆ ಹರಡಿ ಕೂತಿರುವುದು ನೀರುಕಾಗೆ. ಇಲ್ಲಿಗೂ ಬರುವುದು ನಮ್ಮ ನಿಮ್ಮ ಮನೆಯ ಬಚ್ಚಲು ನೀರೇ, ಆದರೆ ನೇರವಾಗಿ ಅಲ್ಲ. ಮೊದಲು ಶುದ್ಧೀಕರಣ ಘಟಕ, ಆಮೇಲೆ ಆ ಆಪು, ಅಂದರೆ ಜೊಂಡು, ಬೆಳೆದಿರುವ ಜೌಗು. ಉಳಿದಿರುವ ಸಾರಜನಕ, ಫಾಸ್ಫೇಟನ್ನು ಆ ಗಿಡಗಳು ಹೀರಿಕೊಳ್ಳುತ್ತವೆ. ಅದಾದ ಮೇಲೆ ಕೆರೆ. ಹರಿಗೋಲಿನಲ್ಲಿ ಮೀನು ಹಿಡಿಯುತ್ತಾರೆ, ದನಕ್ಕೆ ಹುಲ್ಲು ಕೊಯ್ಯುತ್ತಾರೆ, ಏರಿ ಮೇಲೆ ವಾಕಿಂಗ್ ಮಾಡುತ್ತಾರೆ. ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆ ಇಲ್ಲ. ನನಗೆ ಇಂಥ ಕೆರೆಯೇ ಬೇಕು. ಸಿಮೆಂಟ್ ಮೆಟ್ಟಿಲು, ಬಣ್ಣದ ಲೈಟು, ಕಾರಂಜಿ ಯಾವುದೂ ಬೇಡ.

ಆ ಹಕ್ಕಿ ನೋಡಿ, ನೀಲಿ ಮೈ, ಕೆಂಪು ಕೊಕ್ಕು... ಜೂಮ್ ಮಾಡುವಷ್ಟರಲ್ಲಿ ಆಪಿನೊಳಗೆ ಹೋಯಿತು. ಜಂಬುಕೋಳಿ ಅದು.

ಬ್ಯಾಟರಿ ಕೆಂಪಾಗಿದೆ, ಬೇಗ ಹೇಳಿಬಿಡುತ್ತೇನೆ. ಇಲ್ಲಿಂದ ನೀರು ಹೋಗುವುದು ರಾಚೇನಹಳ್ಳಿ ಕೆರೆಗೆ. ಮುಂದಿನ ವಿಡಿಯೋದಲ್ಲಿ ಅಲ್ಲಿಗೆ ಹೋಗೋಣ. ನಿಮ್ಮ ಮನೆ ಹತ್ತಿರದ ಕೆರೆ ಮಧ್ಯಾಹ್ನ ತೆರೆದಿರುತ್ತದಾ, ಕಾಮೆಂಟಿನಲ್ಲಿ ಬರೆಯಿರಿ. ತೆರೆದಿದ್ದರೆ ಅಲ್ಲಿಗೂ ಬರುತ್ತೇನೆ.