ಎರಡನೇ ವರ್ಷವೂ ರೈತ ಬಿತ್ತಿದನೇ?

ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಮುನಿರಾಬಾದಿನಿಂದ ಹೊರಟ ನೀರು ಗಂಗಾವತಿ, ಕಾರಟಗಿ, ಸಿಂಧನೂರುಗಳನ್ನು ದಾಟಿ ಮಾನ್ವಿ, ಸಿರವಾರ, ರಾಯಚೂರಿನ ಕಡೆಗೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಎಂಬುದು ಇಲ್ಲಿನವರಿಗೆ ಪ್ರತಿವರ್ಷದ ಚಿಂತೆ. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಅಚ್ಚುಕಟ್ಟಿನ ಮೇಲ್ಭಾಗವೆಲ್ಲ ಭತ್ತದ ಗದ್ದೆಯಾಯಿತು. ಕೊನೆ ಭಾಗದ ರೈತ ಗೇಜಿನ, ಅಂದರೆ ಕಾಲುವೆಯ ನೀರಿನ ಮಟ್ಟದ, ಲೆಕ್ಕ ಕೇಳುತ್ತ ರಸ್ತೆಗಿಳಿಯುವುದು ವಾಡಿಕೆಯಾಯಿತು. ವಿಶ್ವವಿದ್ಯಾಲಯದ ಸಂಶೋಧನೆ ಸಮಾಜಕ್ಕೆ ಉಪಯೋಗವಾಗುವುದು ಹೇಗೆ ಎಂಬ ಪ್ರಶ್ನೆಯನ್ನು ನಾನು ಈ ಕಾಲುವೆಯ ತುದಿಯಲ್ಲಿ ನಿಂತು ಕೇಳಲು ಬಯಸುತ್ತೇನೆ.

ಏಕೆಂದರೆ ಇದೇ ತುದಿಯಲ್ಲಿ ಒಂದು ಸಂಶೋಧನೆ ನಿಜವಾಗಿಯೂ ಹೊಲ ಸೇರಿದೆ. ಅದರ ಹೆಸರು ಕೂರಿಗೆ ಭತ್ತ. ಸಸಿಮಡಿ ಮಾಡಿ, ಗದ್ದೆಗೆ ನೀರು ಕಟ್ಟಿ, ಕೆಸರು ಹೊಡೆದು, ಆಳುಗಳನ್ನು ಹುಡುಕಿ ನಾಟಿ ಮಾಡುವ ಬದಲು, ಮುಂಗಾರಿನ ಹದ ನೋಡಿ ಒಣಭೂಮಿಯಲ್ಲೇ ಕೂರಿಗೆಯಿಂದ ಬೀಜ ಬಿತ್ತುವ ವಿಧಾನವಿದು. ಕಾಲುವೆಗೆ ನೀರು ತಡವಾಗಿ ಬಂದರೂ ಅಷ್ಟರಲ್ಲಿ ಪೈರು ನೆಲ ಹಿಡಿದಿರುತ್ತದೆ. ರಾಯಚೂರಿನ ಕೃಷಿ ವಿಜ್ಞಾನಿಗಳು ಇದನ್ನು ಈ ಭಾಗದ ಮಣ್ಣಿಗೆ ಒಗ್ಗಿಸಿ ಊರೂರಿಗೆ ಒಯ್ದರು. ಮೊದಲ ಸಲ ಇದನ್ನು ಕೇಳಿದ ಮಾನ್ವಿ ಕಡೆಯ ನಮ್ಮ ಸೋದರಮಾವ, "ಕೆಸರು ಹೊಡಿಲಾರದ ಹೊಲ್ದಾಗ ಭತ್ತ ಬೆಳಿತದೇನಪ್ಪಾ?" ಎಂದು ನಕ್ಕಿದ್ದರು. ಆ ನಗುವನ್ನು ಅಜ್ಞಾನವೆಂದು ತಳ್ಳಿಹಾಕುವಂತಿರಲಿಲ್ಲ. ಗದ್ದೆಯಲ್ಲಿ ನಿಂತ ನೀರು ಕಸವನ್ನು ಹತ್ತಿಕ್ಕುತ್ತದೆ. ಒಣಬಿತ್ತನೆಯಲ್ಲಿ ಕಸವೂ ಭತ್ತವೂ ಒಟ್ಟಿಗೇ ಮೊಳೆಯುತ್ತವೆ. ಸುಣ್ಣದಂಶ ಹೆಚ್ಚಿರುವ ನಮ್ಮ ಕಪ್ಪು ಮಣ್ಣಿನಲ್ಲಿ, ನೀರು ನಿಲ್ಲದಿದ್ದಾಗ, ಪೈರಿಗೆ ಕಬ್ಬಿಣದಂಶ ಸರಿಯಾಗಿ ದಕ್ಕದೆ ಎಲೆಗಳು ಬಿಳಿಚಿಕೊಳ್ಳುತ್ತವೆ. ಅಂದರೆ ಕಳೆನಾಶಕವನ್ನು ಯಾವಾಗ ಹೊಡೆಯಬೇಕು, ಬೀಜ ಎಷ್ಟು ಆಳಕ್ಕೆ ಬೀಳಬೇಕು, ಕಬ್ಬಿಣದಂಶ ಕೊಡುವ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಯಾವ ಹಂತದಲ್ಲಿ ಸಿಂಪಡಿಸಬೇಕು ಎಂಬ ಸಣ್ಣ ಸಣ್ಣ ಉತ್ತರಗಳಿಲ್ಲದೆ ದೊಡ್ಡ ಉಪಾಯ ನಿಲ್ಲುತ್ತಿರಲಿಲ್ಲ. ಸಂಶೋಧನೆಯ ನಿಜವಾದ ಶ್ರಮ ಇರುವುದು ಅಲ್ಲಿ.

ಇನ್ನೊಂದು ವಿಚಾರವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೂರಿಗೆ ಎಂಬುದು ಈ ಭಾಗದ ಒಕ್ಕಲಿಗನಿಗೆ ಅಜ್ಜನ ಕಾಲದಿಂದ ಗೊತ್ತಿದ್ದ ಸಾಧನ. ಟ್ರ್ಯಾಕ್ಟರಿಗೆ ಕಟ್ಟುವ ಕೂರಿಗೆ ಕೆಟ್ಟರೆ ವೆಲ್ಡಿಂಗ್ ಅಂಗಡಿಯವನೇ ಅದನ್ನು ಸರಿಪಡಿಸುತ್ತಾನೆ. ಕೊಳ್ಳಲು ಆಗದವನು ಬಾಡಿಗೆಗೆ ತರುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬ ರೈತ ಪಕ್ಕದ ಹೊಲದವನ ಒಪ್ಪಿಗೆ ಕೇಳದೆ ತನ್ನ ಎರಡು ಎಕರೆಯಲ್ಲಿ ಪ್ರಯೋಗ ಮಾಡಿ ನೋಡಬಹುದಾಗಿತ್ತು.

ಈಗ ಕಾಲುವೆಯ ಗುಂಟ ಮೇಲಕ್ಕೆ, ಗಂಗಾವತಿಗೆ ಹೋಗೋಣ. ವರ್ಷಕ್ಕೆ ಎರಡು ಭತ್ತ ಬೆಳೆದು ಅಂತರ್ಜಲ ಮೇಲೇರಿ, ನೀರು ಆವಿಯಾಗಿ ಉಪ್ಪು ಮಾತ್ರ ಉಳಿದು ಸವುಳು-ಜವುಳಾದ ಭೂಮಿ ಅಲ್ಲಿದೆ. ಅದಕ್ಕೆ ಪರಿಹಾರವೂ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ: ರಂಧ್ರಗಳಿರುವ ಕೊಳವೆಗಳನ್ನು ಸುಮಾರು ಒಂದು ಮೀಟರ್ ಆಳದಲ್ಲಿ ಹುಗಿದು, ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಬಿಡುವ ಒಳಬಸಿಗಾಲುವೆ. ಸಿದ್ಧಾಂತದಲ್ಲಿ ದೋಷವಿಲ್ಲ, ಪ್ರಾತ್ಯಕ್ಷಿಕೆಗಳೂ ನಡೆದಿವೆ. ಆದರೆ ಇದನ್ನು ಒಬ್ಬನೇ ಮಾಡಲಾಗದು. ಕೊಳವೆ ನನ್ನ ಹೊಲದಲ್ಲಿ, ಅದರ ಬಾಯಿ ಕೆಳಗಿನವನ ಬದುವಿನಲ್ಲಿ, ಹಳ್ಳದ ಹೂಳು ತೆಗೆಯುವ ಹೊಣೆ ಯಾವುದೋ ಇಲಾಖೆಯದು. ಹಳ್ಳ ತುಂಬಿದರೆ ಕೊಳವೆಯ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಎರಡೂ ಒಳ್ಳೆಯ ವಿಜ್ಞಾನವೇ, ಆದರೆ ಒಂದು ತಾನಾಗಿಯೇ ಹಬ್ಬಬಲ್ಲದು, ಇನ್ನೊಂದಕ್ಕೆ ಊರು, ಇಲಾಖೆ, ಹಣ ಮೂರೂ ಒಟ್ಟಿಗೆ ಕೂಡಬೇಕು. ಈ ಕೂಡಿಸುವ ಕೆಲಸವನ್ನು ಸಂಶೋಧನೆಯ ಭಾಗವೆಂದು ನಮ್ಮ ವಿಶ್ವವಿದ್ಯಾಲಯಗಳು ಇನ್ನೂ ಒಪ್ಪಿಕೊಂಡಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ನಮ್ಮಲ್ಲಿ ಸಂಶೋಧನೆಯ ಉಪಯೋಗದ ವಿಷಯ ಬಂದೊಡನೆ ಮಾತು ಪೇಟೆಂಟ್ ಮತ್ತು ಸ್ಟಾರ್ಟ್‌ಅಪ್‌ಗಳ ಕಡೆಗೆ ಹೊರಳುತ್ತದೆ. ಸರ್ಕಾರಿ ಹಣದ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಬಹುದೆಂದು ಅಮೆರಿಕ 1980ರಲ್ಲಿ ಕಾಯ್ದೆ ಮಾಡಿತು; ಅದೇ ಜಾಡಿನ ಮಸೂದೆಯೊಂದು 2008ರಲ್ಲಿ ನಮ್ಮ ರಾಜ್ಯಸಭೆಗೂ ಬಂದು, 2014ರಲ್ಲಿ ಹಿಂದಕ್ಕೆ ಹೋಯಿತು. ಔಷಧಿಗೆ, ಯಂತ್ರಕ್ಕೆ ಪೇಟೆಂಟ್ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ 1970ರ ಪೇಟೆಂಟ್ ಕಾಯ್ದೆಯ ಮೂರನೇ ಕಲಮಿನ ಪ್ರಕಾರ ಬೇಸಾಯದ ವಿಧಾನಕ್ಕೆ ಪೇಟೆಂಟ್ ಸಿಗುವುದೇ ಇಲ್ಲ. ಹಾಗಾದರೆ ಕೂರಿಗೆ ಭತ್ತ ಯಾವ ಲೆಕ್ಕದ ಪುಸ್ತಕದಲ್ಲಿ ಬರುತ್ತದೆ? ಪೇಟೆಂಟ್ ಇಲ್ಲ, ಕಂಪನಿ ಇಲ್ಲ, ರಾಯಧನ ಇಲ್ಲ. ನೀರಿಲ್ಲದ ವರ್ಷ ಬೀಳು ಬೀಳಬಹುದಾಗಿದ್ದ ಹೊಲದಲ್ಲಿ ಪೈರು ಇದೆ, ಅಷ್ಟೇ.

ಅಧ್ಯಾಪಕರ ಬಡ್ತಿಯ ಅಂಕಗಳಿಗೆ ಪ್ರಕಟಣೆಗಳೇ ದೊಡ್ಡ ಆಧಾರ. ಪ್ರಬಂಧ ಅಚ್ಚಾದ ಪತ್ರಿಕೆಗೂ ರೇಟಿಂಗ್ ಇದೆ. ರೈತ ಬಿಟ್ಟುಬಿಟ್ಟ ತಂತ್ರಜ್ಞಾನಕ್ಕೆ ಮಾತ್ರ ದಾಖಲೆ ಇಲ್ಲ. ಪ್ರಾತ್ಯಕ್ಷಿಕೆಯ ವರ್ಷ ಬೀಜ ಉಚಿತ, ಔಷಧಿ ಉಚಿತ, ವಿಜ್ಞಾನಿಯೇ ಬದುವಿನ ಮೇಲೆ ನಿಂತಿರುತ್ತಾರೆ. ಇಳುವರಿ ಬರದೆ ಏನಾದೀತು? ಆದ್ದರಿಂದ ಮೊದಲ ವರ್ಷದ ಇಳುವರಿಯನ್ನು ನಾನು ನಂಬುವುದಿಲ್ಲ. ಯಾರೂ ಹೇಳದೆ, ಯಾರೂ ಕೊಡದೆ, ಸ್ವಂತ ದುಡ್ಡಿನಲ್ಲಿ ಎರಡನೇ ವರ್ಷವೂ ಬಿತ್ತಿದವರು ಎಷ್ಟು ಮಂದಿ ಎಂಬುದನ್ನು ಎಣಿಸಬೇಕು. ಬಿಟ್ಟವರ ಮನೆಗೂ ಹೋಗಿ, ಕಸಕ್ಕೆ ಸೋತಿರೋ, ಕೂರಿಗೆ ಬಾಡಿಗೆಗೆ ಸಿಗಲಿಲ್ಲವೋ, ಮಿಲ್ಲಿನವನು ದರ ಇಳಿಸಿದನೋ ಎಂದು ಕೇಳಿ ಬರೆದ ಪ್ರಬಂಧಕ್ಕೆ ಹೊಸ ತಳಿ ಕಂಡುಹಿಡಿದಷ್ಟೇ ಮಾನ್ಯತೆ ಸಿಗಬೇಕು.

ಹಣದ ಮಾತನ್ನೂ ಆಡಲೇಬೇಕು. 2020-21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇ 0.64 ಮಾತ್ರ, ಇದು ಕಡಿಮೆಯೇ. ಆದರೆ ಇನ್ನಷ್ಟು ಹಣ ಬಂದು ಎಲ್ಲವೂ ಉಪಕರಣ, ಕಟ್ಟಡಕ್ಕೇ ಹೋದರೆ ಕಾಲುವೆ ತುದಿಗೆ ಅದು ತಲುಪುವುದಿಲ್ಲ. ಅದರಲ್ಲಿ ಒಂದು ಪಾಲನ್ನು ಹೊಸ ವಿಧಾನ ಮೊದಲು ಪ್ರಯತ್ನಿಸಿ ಸೋತ ರೈತನ ನಷ್ಟ ತುಂಬಲು ತೆಗೆದಿಡಬೇಕೆಂದು ನಾನು ಹೇಳುತ್ತೇನೆ. ಪ್ರಯೋಗಾಲಯದಲ್ಲಿ ಪ್ರಯೋಗ ವಿಫಲವಾದರೆ ವಿಜ್ಞಾನಿಯ ಸಂಬಳ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಹೊಲದಲ್ಲಿ ಅದೇ ಪ್ರಯೋಗ ವಿಫಲವಾದರೆ ಸಾಲ ರೈತನ ಹೆಸರಿನಲ್ಲೇ ಉಳಿಯುತ್ತದೆ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ, ಕಾಲುವೆಯನ್ನೇ ನೆಚ್ಚಿಕೊಂಡ ಬೇಸಾಯ ಎಷ್ಟು ಸಪೂರ ದಾರಕ್ಕೆ ಜೋತುಬಿದ್ದಿದೆ ಎಂದು ಅಚ್ಚುಕಟ್ಟಿನ ಜಿಲ್ಲೆಗಳೆಲ್ಲ ಕಂಡವು. ರಾಯಚೂರಿನಲ್ಲಿ ಮುಂದಿನ ಕೃಷಿ ಮೇಳ ನಡೆದಾಗ, ಹೊಸ ತಳಿಗಳ, ಡ್ರೋನ್‌ಗಳ ಮಳಿಗೆಯ ಪಕ್ಕದಲ್ಲೇ ಇನ್ನೊಂದು ಮಳಿಗೆ ಇರಲಿ: ಐದು ವರ್ಷಗಳಲ್ಲಿ ನಾವು ಕೊಟ್ಟದ್ದರಲ್ಲಿ ರೈತರು ಯಾವುದನ್ನು ಬಿಟ್ಟರು, ಏಕೆ ಬಿಟ್ಟರು ಎಂಬ ಪಟ್ಟಿ, ಅದರ ಮುಂದೆ ಆಯಾ ವಿಜ್ಞಾನಿ, ಎದುರಿಗೆ ಬಿಟ್ಟ ರೈತ. ಅಲ್ಲಿ ನಡೆಯುವ ಜಗಳವನ್ನು ಕೇಳಲು ನಾನಂತೂ ಬೆಳಗಿನ ಬಸ್ಸಿಗೇ ಬರುತ್ತೇನೆ.